ಒಂದು ಹ್ಯಾಂಡಲ್ಲು, ನಾಲ್ಕು ಬೆರಳು

ನಾನು ಒಂದು ಕಲ್ಲುಕಂಬ. ಹುಟ್ಟುವ ಮೊದಲು ಇರಲಿಲ್ಲವೆಂದು ಹೇಳಲಾರೆ. ಬಂಡೆಯೊಳಗೆ ಬಂಡೆಯಾಗಿಯೇ ಇದ್ದೆ. ಚೌಡಿಕೆರೆಯ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ಬೆಳಿಗ್ಗೆ ಕಲ್ಲುಕುಟಿಗನೊಬ್ಬ ನನ್ನ ಬೆನ್ನುದ್ದಕ್ಕೂ ಗೇಣಿಗೊಂದರಂತೆ ತೂತು ಕೊರೆದು, ಬೆಣೆಗಳನ್ನಿಟ್ಟು, ಸಾಲಾಗಿ ಹೊಡೆಯುತ್ತ ಬಂದ. ಕೊನೆಯ ಏಟು ಬೀಳುವ ಮೊದಲೇ ಬಂಡೆ ಸಣ್ಣಗೆ ಉಸಿರು ಬಿಟ್ಟಿತು. ನನಗೆ ಒಂದು ಮೈ ಬಂತು. ಆ ಮೈಯ ಒಂದು ಬದಿಗೆ, ಕೋಟಿ ವರ್ಷಗಳ ಮೇಲೆ, ಬಿಸಿಲು ತಾಗಿತು.

ನನ್ನ ಮೊದಲ ಕೆಲಸ ಹೊರೆ ಇಳಿಸಿಕೊಳ್ಳುವುದು. ಬಸುರಿ ಹೆಣ್ಣುಮಗಳೊಬ್ಬಳು ಸೌದೆಯ ಹೊರೆ ಹೊತ್ತು ಬರುವಾಗ ದಾರಿಯಲ್ಲೇ ಕುಸಿದು ತೀರಿಕೊಂಡಿದ್ದಳಂತೆ. ಅವಳ ತಂದೆ ಅದೇ ಜಾಗದಲ್ಲಿ ಹೊರೆಗಲ್ಲು ನಿಲ್ಲಿಸಿದ. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ತಲೆಯೆತ್ತರಕ್ಕೆ. ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಜಾರಿಸಿಟ್ಟು, ದಣಿವಾರಿದ ಮೇಲೆ ಮತ್ತೆ ತಲೆಗೇರಿಸಿಕೊಂಡು ಹೊರಡಬಹುದು. ನಾನು ಬಲಗಾಲಿನ ಕಂಬ. ಹೊರೆ ಇಳಿಸಿದ ಹೆಂಗಸರು ನನಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಅವರ ಉಸಿರು ಹದಕ್ಕೆ ಬರುವುದನ್ನು ನಾನು ಬೆನ್ನಿನಿಂದ ಕೇಳುತ್ತಿದ್ದೆ. ಈ ಲೋಕದಲ್ಲಿ ನಾನು ಕಲಿತ ಮೊದಲ ಭಾಷೆ ಅದು.

ಆಮೇಲೆ ರಸ್ತೆ ಅಗಲವಾಯಿತು. ಲಾರಿಯೊಂದರ ಹಿಮ್ಮುಖದ ಏಟಿಗೆ ಅಡ್ಡಗಲ್ಲು ಮುರಿಯಿತು, ಜೊತೆಯ ಕಂಬ ಯಾವುದೋ ಮೋರಿಯ ತಳಕ್ಕೆ ಹೋಯಿತು. ಮೈಸೂರು ಬೆಳೆಯುತ್ತ ಬಂದು ನಾನು ಬಿದ್ದಿದ್ದ ಹೊಲ ಬಡಾವಣೆಯಾಯಿತು. ನನ್ನ ಎದೆಯ ಮೇಲೆ ಬಿಳಿಯ ಬಣ್ಣದಲ್ಲಿ ನಲವತ್ತೊಂದು ಎಂದು ಬರೆದು ನಿವೇಶನದ ಮೂಲೆಯಲ್ಲಿ ನೆಟ್ಟರು. ಹನ್ನೆರಡು ವರ್ಷ ನಾನು ಒಂದು ಅಂಕಿಯಾಗಿದ್ದೆ. ಮನೆ ಎದ್ದಿತು, ಗೋಡೆ ಬಂತು, ನನ್ನನ್ನು ಕಿತ್ತು ಬೀದಿಗೆ ಹಾಕಿದರು. ಆ ಕಾಲದ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ.

ಚೌಡಿಕೆರೆಯ ಕಥೆಯೂ ಅಷ್ಟರಲ್ಲಿ ಬದಲಾಗಿತ್ತು. ಮೂರು ಕಡೆ ಮನೆಗಳು ಮುತ್ತಿದ್ದರೂ, ನೀರಿನ ನಡುವೆ ನಿಂತ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನು ಬಿಟ್ಟಿರಲಿಲ್ಲ. ಕೆರೆಯನ್ನು ಪಕ್ಷಿಗಳಿಗೆಂದು ಮೀಸಲಿಟ್ಟು ಫಲಕ ಹಾಕಿದರು. ಏರಿಯ ಮೇಲೆ ಗರಸು ಹಾಸಿ, ಕೆರೆಯ ಸುತ್ತ ನಾಲ್ಕು ಕಿಲೋಮೀಟರಿನ ಸೈಕಲ್ ಹಾದಿ ಮಾಡಿದರು. ಹಾದಿಯಾದ ವಾರದಲ್ಲೇ ಬೈಕುಗಳು ನುಗ್ಗಿದವು. ಅವುಗಳ ಹಿಂದೆ, ಒಡೆದ ಮನೆಗಳ ಇಟ್ಟಿಗೆ ಗಾರೆ ತುಂಬಿದ ಟ್ರಾಕ್ಟರುಗಳು ಬಂದು ನೀರಿನಂಚಿಗೆ ಸುರಿದು ಹೋದವು. ಆ ವರ್ಷ ಕೊಕ್ಕರೆಗಳು ಅರ್ಧಕ್ಕರ್ಧ ಗೂಡು ಬಿಟ್ಟೆದ್ದವು.

ಹಾದಿಯ ಬಾಯಿಗೆ ಕಲ್ಲು ನೆಡಬೇಕೆಂದು ಹಟ ಹಿಡಿದವರು ಸಿದ್ದರಾಜು. ಮೂವತ್ತೊಂದು ವರ್ಷ ಇದೇ ಏರಿಯ ಮೇಲೆ ಸೈಕಲ್ ತುಳಿದು ನಾಲ್ಕು ಹಳ್ಳಿಗಳಿಗೆ ಟಪಾಲು ಹಂಚಿದವರು. ನಿವೃತ್ತರಾದ ಮೇಲೂ ದಿನಾ ಒಂದು ಸುತ್ತು ತಪ್ಪಿಸಿದವರಲ್ಲ. ಪ್ರತಿ ವರ್ಷ ಶಿವರಾತ್ರಿ ಕಳೆದ ಮರುದಿನ ಗೂಡುಗಳನ್ನು ಎಣಿಸಿ ಒಂದು ಪೋಸ್ಟ್ ಕಾರ್ಡಿನ ಹಿಂದೆ ಬರೆದಿಡುವುದು ಅವರ ರೂಢಿ. ಅಂಥ ಇಪ್ಪತ್ತೆರಡು ಕಾರ್ಡುಗಳು ಅವರ ಬಳಿ ಇದ್ದವು. ವಿಳಾಸದ ಜಾಗ ಎಲ್ಲದರಲ್ಲೂ ಖಾಲಿ.

ಬೀದಿಯಲ್ಲಿ ಬಿದ್ದಿದ್ದ ನನ್ನನ್ನೂ ಇನ್ನೆರಡು ಕಲ್ಲುಗಳನ್ನೂ ಹುಡುಕಿ ತಂದು ನೆಟ್ಟವನು ಹನುಮಬೋವಿ. ನಾನು ನಡುವಿನವನು. ಸಂದಿ ಎಷ್ಟಿರಬೇಕೆಂಬ ಪ್ರಶ್ನೆ ಬಂದಾಗ ಸಿದ್ದರಾಜು ಟೇಪು ಕೇಳಲಿಲ್ಲ. ತಮ್ಮ ಹಳೆಯ ಸೈಕಲನ್ನು ತಂದು ನಿಲ್ಲಿಸಿದರು. ಹ್ಯಾಂಡಲ್ಲಿನ ಎರಡು ಕೊನೆಗಳ ಅಳತೆ, ಅದರ ಮೇಲೆ ನಾಲ್ಕು ಬೆರಳು.

"ವಸಿ ಅಗಲ ಬುಡಿ ಸ್ವಾಮಿ, ದಪ್ಪಗಿರೋರು ಬಂದ್ರೆ ಸಿಕ್ಕಾಕೊಂಡಾರು" ಎಂದ ಹನುಮಬೋವಿ.

"ಸೈಕಲ್ ತುಳಿದು ತೆಳ್ಳಗಾಗ್ಲಿ ಬಿಡಯ್ಯ. ಇನ್ನೊಂದು ಬೆರಳು ಬಿಟ್ರೂ ಬೈಕು ಬರುತ್ತೆ."

ಮೂರಡಿ ಆಳಕ್ಕೆ ನನ್ನನ್ನು ಇಳಿಸಿ ಮಣ್ಣು ತುಳಿದರು. ಹೊರೆ ಇಳಿಸಿಕೊಳ್ಳುತ್ತಿದ್ದ ನಾನು ತಡೆಯುವವನಾದೆ. ಅದೂ ಒಂದು ಉಪಕಾರವೇ ಎಂದು ಬೇಗ ತಿಳಿಯಿತು. ಟ್ರಾಕ್ಟರುಗಳು ಬಂದವು, ನಮ್ಮನ್ನು ನೋಡಿದವು, ಬೈದವು, ಹಿಂದಕ್ಕೆ ಹೋದವು. ಏರಿಯ ಮೇಲೆ ನಿಶ್ಶಬ್ದ ಮರಳಿತು. ಅದು ಬರಿಯ ನಿಶ್ಶಬ್ದವಲ್ಲ. ಸರಪಳಿಯ ಸಣ್ಣ ಗೊಣಗು, ಗರಸಿನ ಮೇಲೆ ಟೈರಿನ ಮಳೆಹನಿಯಂಥ ಸದ್ದು, ದೂರದಲ್ಲಿ ಮರಿಗಳ ಕೊಕ್ಕಿನ ಟಕಟಕ, ಎಲ್ಲವೂ ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತ ನಿಶ್ಶಬ್ದ. ಹಾಲಿನ ಕ್ಯಾನು, ಶಾಲೆಯ ಚೀಲ, ಊಟದ ಡಬ್ಬಿ, ಎಲ್ಲ ನನ್ನ ಎರಡೂ ಪಕ್ಕದಿಂದ ಜಾರಿಹೋಗುತ್ತಿದ್ದವು.

ಹಾಗೆ ಹೋಗುವವರಲ್ಲಿ ಷಹನಾಜ್ ಒಬ್ಬಳು. ಕೆರೆಯಾಚೆಯ ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ನನ್ನ ಎದುರೇ ಸೈಕಲ್ ನಿಲ್ಲಿಸಿ, ಸಿದ್ದರಾಜು ಅವರ ಕಾಲನ್ನು ದಿಟ್ಟಿಸಿದಳು. ಹೆಬ್ಬೆರಳಿಗೆ ಅರಿಸಿನ ಮೆತ್ತಿದ ಬಟ್ಟೆ ಸುತ್ತಿತ್ತು.

"ಏನದು ಸಿದ್ದರಾಜಣ್ಣ?"

"ಚಪ್ಪಲಿ ಕಚ್ಚಿದೆ ಸಿಸ್ಟರಮ್ಮ, ಅಷ್ಟೇ."

"ಶುಗರ್ ಇರೋರಿಗೆ ಚಪ್ಪಲಿ ಕಚ್ಚೋದಿಲ್ಲ, ನುಂಗುತ್ತೆ. ಇವತ್ತೇ ಬನ್ನಿ."

"ಶನಿವಾರ ಬರ್ತೀನಿ ತಾಯಿ."

ಶನಿವಾರಗಳು ಹೋದವು. ಆಮೇಲೆ ಅವರೂ ಕಾಣಿಸಲಿಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆದರಂತೆ ಎಂದು ಹಾಲಿನವನು ಇನ್ನೊಬ್ಬನಿಗೆ ಹೇಳುವಾಗ ನನ್ನ ಪಕ್ಕದಲ್ಲೇ ಹಾದುಹೋದ. ಆ ಮಾತನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿರಲಿಲ್ಲ. ಕಲ್ಲಿನೊಳಗೆ ಜಾಗವೆಂಬುದೇ ಇರುವುದಿಲ್ಲ.

ಏಳು ತಿಂಗಳ ಮೇಲೆ, ಶಿವರಾತ್ರಿಯ ಮರುದಿನ, ಬೆಳಕು ಆಗತಾನೇ ನೀರಿಗೆ ಇಳಿಯುತ್ತಿದ್ದಾಗ ಒಂದು ಹೊಸ ಸದ್ದು ಕೇಳಿತು. ನೀಲಿಯ ಬಣ್ಣದ ಮೂರು ಗಾಲಿಯ ಗಾಡಿ. ಕಾಲಿನಿಂದಲ್ಲ, ಎದೆಯ ಮುಂದಿನ ಹಿಡಿಯನ್ನು ಕೈಯಿಂದ ತಿರುಗಿಸಿ ಓಡಿಸುವಂಥದ್ದು. ಮೇಲೆ ಸಿದ್ದರಾಜು. ಅಂಗಿಯ ಜೇಬಿನಲ್ಲಿ ಒಂದು ಪೋಸ್ಟ್ ಕಾರ್ಡು. ಅವರು ನೇರ ಬಂದರು. ಹಿಂದಿನ ಗಾಲಿಯ ಅಚ್ಚಿನ ತುದಿ ನನ್ನ ಪಕ್ಕೆಗೆ ತಾಗಿ ನಿಂತಿತು. ಹಿಂದೆ ಸರಿದು ಎಡಗಡೆಯ ಸಂದಿಯಲ್ಲಿ ನುಗ್ಗಿಸಿ ನೋಡಿದರು. ಮತ್ತೆ ಬಲಗಡೆಯಲ್ಲಿ, ಓರೆಯಾಗಿ. ಮೂರನೆಯ ಸಲ ನನ್ನ ಮೈಗೆ ನೀಲಿ ಬಣ್ಣದ ಒಂದು ಗೀರು ಉಳಿಯಿತು.

ಕೊಕ್ಕರೆಯ ಮರಗಳು ಏರಿಯ ತಿರುವಿನಾಚೆ. ನಾನು ನಿಂತಲ್ಲಿಂದ ಕಾಣವು. ಅವರು ಕುಳಿತಲ್ಲಿಂದಲೂ ಕಾಣವು. ಸಿದ್ದರಾಜು ಕೈ ಚಾಚಿ, ನನ್ನ ಮತ್ತು ಪಕ್ಕದ ಕಂಬದ ನಡುವೆ ಗೇಣು ಹಾಕಿ ಅಳೆದರು. ಕೊನೆಯಲ್ಲಿ ನಾಲ್ಕು ಬೆರಳು ಜೋಡಿಸಿಟ್ಟರು.

"ನಂದೇ ಅಳತೆ" ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, ನಗದೆ, ಇನ್ನೊಮ್ಮೆ ಅದನ್ನೇ ಹೇಳಿದರು.

ಸರಿಯುವ ಶಕ್ತಿ ಇರಬೇಕಿತ್ತೆಂದು ನನಗೆ ಅನ್ನಿಸಿದ್ದು ಆ ಬೆಳಿಗ್ಗೆ ಮಾತ್ರ.

ಮರುದಿನದಿಂದ ಅವರು ಬಂದು ಕಲ್ಲುಗಳ ಹೊರಗೇ ಗಾಡಿ ನಿಲ್ಲಿಸಿಕೊಂಡು ಕೂರತೊಡಗಿದರು. ಸುತ್ತು ಮುಗಿಸಿ ಬಂದವರನ್ನು ಕೇಳುವರು: "ಎಷ್ಟು ಗೂಡಪ್ಪ?" ಒಬ್ಬ ಅರವತ್ತು ಎನ್ನುವನು, ಇನ್ನೊಬ್ಬ ತುಂಬಾ ಇವೆ ಎನ್ನುವನು. ಜೇಬಿನ ಕಾರ್ಡು ಖಾಲಿಯೇ ಉಳಿಯುತ್ತಿತ್ತು. ಯುಗಾದಿ ಕಳೆದು ಇನ್ನೊಂದು ತಿಂಗಳಾದರೆ ಮರಿಗಳು ರೆಕ್ಕೆ ಬಲಿತು ಗೂಡು ಬಿಡುತ್ತವೆ. ಆಮೇಲೆ ಎಣಿಸಲು ಏನೂ ಇರುವುದಿಲ್ಲ.

"ನಾಲ್ಕು ಜನ ಸೇರಿ ಗಾಡಿ ಸಮೇತ ಎತ್ತಿ ಆ ಕಡೆ ಇಡ್ತೀವಿ" ಎಂದಳು ಷಹನಾಜ್.

"ಟಪಾಲು ಚೀಲ ಅಂದ್ಕೊಂಡ್ರಾ ನನ್ನ? ನಾಲ್ಕು ಜನ ಎತ್ಕೊಂಡು ಹೋಗೋ ದಿನ ಒಂದಿದೆ. ಅದಕ್ಕಿನ್ನೂ ಟೈಮಿದೆ ಸಿಸ್ಟರಮ್ಮ."

"ಹಾಗಾದ್ರೆ ಕಲ್ಲು ಕೀಳಿಸ್ತೀನಿ."

ಸಿದ್ದರಾಜು ಅವರ ಮುಖ ಗಟ್ಟಿಯಾಯಿತು. "ಆ ಮಾತಾಡ್ಬೇಡಿ. ನನ್ನೊಬ್ಬನ ಗಾಡಿಗೆ ಜಾಗ ಮಾಡಿದ್ರೆ ಊರಿನ ಬೈಕೆಲ್ಲ ಬರುತ್ತೆ. ಕೊಕ್ಕರೆ ಎದ್ದು ಹೋದ್ರೆ ನಾನು ಒಳಗೋಗಿ ಏನು ಎಣಿಸ್ಲಿ?"

ಅವಳು ಎರಡು ದಿನ ಬಿಟ್ಟು ಹನುಮಬೋವಿಯನ್ನು ಕರೆದುಕೊಂಡು ಬಂದಳು. ಅವನು ಬೀಡಿ ಆರಿಸಿ, ನನ್ನನ್ನೂ ಗಾಡಿಯನ್ನೂ ಸುತ್ತಿ ನೋಡಿ, ಕುಕ್ಕರಗಾಲಲ್ಲಿ ಕುಳಿತ.

"ಸ್ವಾಮಿ, ನಮ್ ತಾತ ನೀರುಗಂಟಿ ಜೊತೆ ಈ ಏರಿ ಕಾದಿದ್ದೋನು. ಮಳೆಗಾಲ್ದಲ್ಲಿ ಏರಿ ಒಡೀದಂಗೆ ಮನೆಗೊಬ್ರು ಸರದಿ ಮೇಲೆ ಬಂದು ಕೂತ್ಕೊಳೋರು. ಕೆರೆ ಕಾಯಕ್ಕೆ ಅಂತ ಅವ್ರು ಕಲ್ಲು ನೆಡ್ನಿಲ್ಲ. ಜನ್ವೇ ಇದ್ರು."

"ಈಗ ಯಾರು ಕೂರ್ತಾರೋ ಮಾರಾಯ? ಎಲ್ಲರಿಗೂ ಡ್ಯೂಟಿ."

"ನಾನು ಕೂರ್ತೀನಿ" ಎಂದಳು ಷಹನಾಜ್. "ಹಾಲಿನವರು ಒಪ್ಪಿದ್ದಾರೆ. ಮೂರನೇ ಕ್ರಾಸಿನ ಹನ್ನೊಂದು ಮನೆಯವರು ಒಪ್ಪಿದ್ದಾರೆ. ಕತ್ತಲಾದ್ಮೇಲೆ ಬಿದಿರು ಅಡ್ಡ ಹಾಕಿ ಬೀಗ ಹಾಕೋದು. ಒಂದು ಬೈಕ್ ಒಳಗೆ ಹೋದ್ರೂ ಕಲ್ಲು ವಾಪಸ್ ನೆಡಿಸ್ತೀನಿ, ಆಣೆ."

ಸಿದ್ದರಾಜು ಅಪ್ಪಣೆ ಕೊಡುವವರಂತಲ್ಲ, ಕೇಳಿಕೊಳ್ಳುವವರಂತೆ ಮೆಲ್ಲಗೆ ಹೇಳಿದರು: "ಮೊದಲನೇ ಸರದಿ ನಂದು."

"ಮೊದಲನೇ ಸುತ್ತು ನಿಮ್ದು. ಸರದಿ ಆಮೇಲೆ."

ಭಾನುವಾರ ನನ್ನನ್ನು ಎತ್ತಿದರು. ಬುಡದ ಮಣ್ಣು ಬಿಡಿಸುವಾಗ ಹನುಮಬೋವಿಯ ಹಾರೆ ನನಗೆ ಚಿಕ್ಕಂದಿನ ಉಳಿಯನ್ನು ನೆನಪಿಸಿತು. ಪಕ್ಕದ ಕಂಬವನ್ನು ಒಳಕ್ಕೆ ಸರಿಸಿ ನೆಟ್ಟು, ಅದರ ಹಿಂದೆ ಉಳಿದ ಜಾಗಕ್ಕೆ ಮಣ್ಣಿನ ದಿಬ್ಬ ಹಾಕಿದರು. ಟ್ರಾಕ್ಟರಿಗೂ ಆಟೋಗೂ ಆಗದು. ಹೊಸ ಸಂದಿಯ ಅಳತೆ, ಒಂದು ಮೂರು ಗಾಲಿಯ ಗಾಡಿ, ಅದರ ಮೇಲೆ ನಾಲ್ಕು ಬೆರಳು. ನನ್ನನ್ನು ಹಾದಿಯ ಬದಿಗೆ, ಹೊಂಗೆಯ ನೆರಳಿಗೆ, ಎರಡು ಗುಂಡುಕಲ್ಲುಗಳ ಮೇಲೆ ಅಡ್ಡ ಮಲಗಿಸಿದರು. ಕಾಯುವವರಿಗೆ ಕೂರಲು ಏನಾದರೂ ಬೇಕಲ್ಲ. ನೀಲಿಯ ಗೀರು ಕೆಳಗೆ ಬರುವಂತೆ ಹೊರಳಿಸಲು ಹನುಮಬೋವಿ ಹೊರಟಾಗ, "ಬೇಡ ಬಿಡು, ಮೇಲೇ ಇರ್ಲಿ" ಎಂದರು ಸಿದ್ದರಾಜು.

ಅವರು ಒಳಗೆ ಹೋದರು. ಯಾರೂ ತಳ್ಳಲಿಲ್ಲ. ಸರಪಳಿಯ ಸದ್ದು ತಿರುವಿನವರೆಗೆ ಕೇಳಿಸಿ ನಿಂತಿತು. ಷಹನಾಜ್ ನನ್ನ ಮೇಲೆ ಕುಳಿತು ಗಡಿಯಾರ ನೋಡಿಕೊಂಡಳು, ಮತ್ತೆ ನೋಡಿಕೊಂಡಳು. ಕಾಯುವುದು ನನಗೆ ಗೊತ್ತೆಂದು ತಿಳಿದಿದ್ದೆ. ಆ ಒಂದೂವರೆ ಗಂಟೆಯಲ್ಲಿ ಅದನ್ನು ಮೊದಲಿನಿಂದ ಕಲಿತೆ.

ಮರಳಿ ಬಂದವರು ಗಾಡಿಯನ್ನು ನನ್ನ ಪಕ್ಕಕ್ಕೆ ತಂದು, ಕಾರ್ಡನ್ನು ನನ್ನ ಮೈಮೇಲಿಟ್ಟು ಬರೆದರು. ಪೆನ್ನಿನ ಒತ್ತಡ ಕಾಗದದ ಮೂಲಕ ನನಗೆ ತಾಗಿತು: ನೂರ ಹದಿನೇಳು. ಬರೆದ ಮೇಲೆ ಅಂಗೈಯನ್ನು ಹಾಗೇ ನನ್ನ ಮೇಲೆ ಊರಿ ಕುಳಿತರು. ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಆ ಭಾಷೆಯನ್ನು ನಾನು ಮರೆತಿರಲಿಲ್ಲ.

ಅದಾಗಿ ಐದು ಮಳೆಗಾಲ ಕಳೆದಿವೆ. ನನ್ನ ಮೈಮೇಲೆ ಹಾವಸೆ ಕಟ್ಟಿದೆ. ನೀಲಿಯ ಗೀರು ಮಾಸಿದೆ, ಅಳಿದಿಲ್ಲ. ನಿಂತಿದ್ದಾಗ ನನಗೆ ಹಾದಿ ಮಾತ್ರ ಕಾಣುತ್ತಿತ್ತು. ಮಲಗಿದ ಮೇಲೆ, ಕೊಕ್ಕರೆಗಳು ತಿರುವಿನಿಂದ ಮೇಲೇರಿ ನನ್ನ ಮೇಲೆಯೇ ಹಾದುಹೋಗುವುದೂ ಕಾಣುತ್ತದೆ. ಸರದಿ ಕೆಲವು ದಿನ ತಪ್ಪುತ್ತದೆ, ಜಗಳವಾಗುತ್ತದೆ, ಮತ್ತೆ ಯಾರೋ ಫ್ಲಾಸ್ಕು ಹಿಡಿದು ಬಂದು ಕೂರುತ್ತಾರೆ. ಸಿದ್ದರಾಜು ಅವರ ಸರದಿ ಗುರುವಾರ. ಅವರು ನನ್ನ ಮೇಲೆ ಕೂರುವುದಿಲ್ಲ. ನಾನು ನಿಂತಿದ್ದ ಜಾಗದಲ್ಲೇ ಗಾಡಿಯನ್ನು ಅಡ್ಡ ನಿಲ್ಲಿಸಿಕೊಳ್ಳುತ್ತಾರೆ. ಸೈಕಲ್ ಬಂದರೆ ಓರೆಯಾಗುತ್ತಾರೆ.

ಈ ದಿನ ಒಬ್ಬ ಬೈಕಿನವನು ಬಂದು ಹಾರ್ನ್ ಮಾಡಿದ. "ಯಜಮಾನ್ರೇ, ವಸಿ ಸರೀರಿ. ಒಂದೇ ರೌಂಡು."

ಸಿದ್ದರಾಜು ಕದಲಲಿಲ್ಲ. "ಇಲ್ಲಿರೋದು ಯಜಮಾನ ಅಲ್ಲಪ್ಪ, ಕಲ್ಲು. ಕಲ್ಲು ಎಲ್ಲಾದ್ರೂ ಸರಿಯುತ್ತಾ?"

ಅವನು ಬೈಕು ತಿರುಗಿಸಿಕೊಂಡು ಹೋದ. ಸಿದ್ದರಾಜು ನನ್ನ ಕಡೆ ಒಮ್ಮೆ ನೋಡಿ ಮುಗುಳ್ನಕ್ಕರು. ಉತ್ತರ ಇಬ್ಬರಿಗೂ ಗೊತ್ತಿದ್ದರಿಂದ ನಾನು ಸುಮ್ಮನಿದ್ದೆ.