ಮೊಣಕಾಲಿಗೆ ಬಂದ ಸೂರ್ಯ

ಸೂರ್ಯ ಮನುಷ್ಯನ ಮೈಯೊಳಗೆ ಬಂದ ದಿನವನ್ನು ಊರಿಗೆ ಹೇಳುವುದು ನಮ್ಮ ಮನೆಯ ಕೆಲಸ. ನನ್ನ ಅಜ್ಜ ಗುಲೋಮ್‌ಶೋ ಅದನ್ನು ನಲವತ್ತೊಂದು ವರ್ಷ ಮಾಡಿದ. ಆಮೇಲೆ ಅವನ ಎರಡೂ ಕಣ್ಣಿಗೆ ಪೊರೆ ಬಂತು, ನೋಡುವ ಕೆಲಸ ನನ್ನ ಪಾಲಿಗೆ ಬಂತು. ಏಳನೇ ತರಗತಿಗೆ ಶಾಲೆ ಬಿಟ್ಟದ್ದು ಅದಕ್ಕೇ. ನನಗೇನೂ ಬೇಸರವಾಗಲಿಲ್ಲ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಬೆಟ್ಟ ನೋಡಲು ಬಾಯಿ ಬೇಕಿರಲಿಲ್ಲ.

ನಮ್ಮ ಕಣಿವೆ ಇಕ್ಕಟ್ಟು. ಚಳಿಗಾಲದ ನಡುವೆ ಸೂರ್ಯ ದಕ್ಷಿಣದ ಬೆಟ್ಟದ ಬೆನ್ನ ಹಿಂದೆಯೇ ನಡೆದುಹೋಗುತ್ತಾನೆ, ಊರಿನ ಮೇಲೆ ಐವತ್ತು ದಿನ ಬಿಸಿಲು ಬೀಳುವುದಿಲ್ಲ. ಆ ದಿನಗಳಲ್ಲಿ ಅವನು ಮನುಷ್ಯನನ್ನು ಬಿಟ್ಟು ಹೋಗಿದ್ದಾನೆ ಎನ್ನುತ್ತೇವೆ. ಅಜ್ಜ ದಿನಕ್ಕೊಂದು ಜರ್ದಾಳು ಬೀಜ ಜೇಬಿಗೆ ಹಾಕಿಕೊಂಡು ಆ ದಿನಗಳನ್ನು ಎಣಿಸುತ್ತಿದ್ದ. ಸೂರ್ಯ ಮತ್ತೆ ಉತ್ತರಕ್ಕೆ ತಿರುಗಿ ಮೇಲೇರುತ್ತ ಬಂದು, ಒಂದು ಬೆಳಿಗ್ಗೆ ಹಳೆಯ ಗಿರಣಿಯ ಹಿಂದಿನ ಒಂಟಿ ಬಂಡೆಯ ನೆತ್ತಿಯನ್ನು ಮುಟ್ಟುತ್ತಾನೆ. ಅಂದು ಅವನು ಮನುಷ್ಯನ ಕಾಲುಗುರಿಗೆ ಬಂದನೆಂದು ಲೆಕ್ಕ. ಉಗುರಿನಲ್ಲಿ ಮೂರು ದಿನ, ಪಾದದಲ್ಲಿ ಮೂರು, ಕಣಕಾಲಿನಲ್ಲಿ ಮೂರು, ಮೀನಖಂಡದಲ್ಲಿ ಮೂರು. ಆಮೇಲೆ ಮೊಣಕಾಲು, ತೊಡೆ, ಹೀಗೆ ಏರುತ್ತ ಎದೆಗೆ ಬಂದಾಗ ನವ್ರೂಜ್, ನಮ್ಮ ಹೊಸ ವರ್ಷ. ಬಂಡೆ ಸರಿಯಾಗಿ ಕಾಣುವುದು ಗಿರಣಿಯ ಹಿಂದಿನ ಕಲ್ಲಿನ ಮೇಲೆ ಕೂತವರಿಗೆ ಮಾತ್ರ. ಬೇರೆ ಯಾರೂ ಹೋಗಿ ನೋಡುತ್ತಿರಲಿಲ್ಲ. ಗುಲೋಮ್‌ಶೋ ಹೇಳಿದರೆ ಮುಗಿಯಿತು.

ಲೆಕ್ಕದಲ್ಲಿ ಎಲ್ಲರೂ ಕಾಯುವುದು ಮೊಣಕಾಲನ್ನು. ಚಳಿಗಾಲವಿಡೀ ಹೆಪ್ಪುಗಟ್ಟಿದ ನದಿಯೇ ನಮ್ಮ ದಾರಿ. ಸೂರ್ಯ ಮೊಣಕಾಲಿಗೆ ಬಂದ ದಿನ ದಡದ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತೇವೆ. ಆಚೆ ದಡದ ಬರ್ಜೂದ್ ಊರಿಗೂ ಅದು ಕಾಣುತ್ತದೆ. ಅಲ್ಲಿಂದ ಮುಂದೆ ಯಾರೂ ಮಂಜುಗಡ್ಡೆಯ ಮೇಲೆ ಕಾಲಿಡುವುದಿಲ್ಲ. ಸೇತುವೆಯ ದಾರಿ ಎರಡು ದಿನದ ನಡಿಗೆ, ಅದು ತೆರೆಯುವುದು ಬೇಸಿಗೆಯಲ್ಲಿ.

ಬರ್ಜೂದಿನಲ್ಲಿ ನನ್ನ ಅಕ್ಕ ಸವ್ರಿ ಇದ್ದಳು. ಅಪ್ಪ ಅಮ್ಮ ಒಂದೇ ಹಿಮಕುಸಿತದಲ್ಲಿ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನು ಬೆಳೆಸಿದವಳು ಅವಳೇ. ಮದುವೆಯಾಗಿ ಹೋದ ಮೇಲೆ ಒಂದೂವರೆ ವರ್ಷ ನಾನು ಅವಳನ್ನು ನೋಡಿರಲಿಲ್ಲ. ಕುರುಡ ಅಜ್ಜನನ್ನು ಬಿಟ್ಟು ನಾನು ಹೋಗುವಂತಿರಲಿಲ್ಲ. ಬೇಸಿಗೆಯಲ್ಲಿ ಬರುತ್ತೇನೆ ಎಂದಿದ್ದವಳನ್ನು ಅತ್ತೆಮನೆಯ ಹೊಲ ಬಿಡಲಿಲ್ಲ.

ಆ ಚಳಿಗಾಲ ಅವಳ ಗಂಡ ಮಿಜ್ರೋಬ್ ನದಿ ದಾಟಿ ಬಂದ. ಗಡ್ಡದ ತುಂಬ ಮಂಜು. ಒಳಗೆ ಬರುವ ಮೊದಲೇ ಕೂಗಿದ.

"ಅಜ್ಜಾ, ಹೆಣ್ಣು ಕೂಸು! ಮೊನ್ನೆ ಹುಟ್ತು. ನಿನ್ನ ಮೂಗೇ ಬಂದಿದೆ, ಪಾಪ."

"ನನ್ನ ಮೂಗಿಗೇನಾಗಿದೆಯೋ?" ಎಂದ ಅಜ್ಜ.

"ಏನಿಲ್ಲ, ಕೂಸಿಗಿಂತ ಮೊದಲು ಅದೇ ಹೊರಗೆ ಬಂತಂತೆ."

ಪಕ್ಕದ ಮನೆಯ ಕಿಮ್ಮತ್ ಅತ್ತೆ ಚಹಾಕ್ಕೆ ರೊಟ್ಟಿ ಮುರಿದು ಹಾಕುತ್ತಿದ್ದವಳು ನಕ್ಕು ನಕ್ಕು ಕೆಮ್ಮಿದಳು. ಮಿಜ್ರೋಬ್ ನನ್ನ ಕಡೆ ತಿರುಗಿದ. "ಏನೇ ನೋಜಿ, ನಿನ್ನ ನಾಲಗೆಯೂ ನದಿ ಹಾಗೆ ಹೆಪ್ಪುಗಟ್ಟಿದೆಯಾ? ಚಿಕ್ಕಮ್ಮ ಆಗಿದ್ದೀಯ, ಒಂದು ಮಾತಾದ್ರೂ ಆಡು."

"ಅಕ್ಕ ಯಾವಾಗ ಬರ್ತಾಳೆ?" ಎಂದೆ.

"ಬಾಣಂತಿ ನಲವತ್ತು ದಿನ ಹೊಸಿಲು ದಾಟೋ ಹಾಗಿಲ್ಲ, ಗೊತ್ತಲ್ಲ. ನಲವತ್ತು ತುಂಬಿದ ಮಾರನೇ ದಿನ ಕರ್ಕೊಂಡ್ ಬರ್ತೀನಿ. ನಿಮ್ಮ ಕೆಂಪು ಬಟ್ಟೆ ಕಾಣದಿದ್ರೆ."

ಅವನು ಹೋದ ಮೇಲೆ ನಾನು ಬೆರಳು ಮಡಿಸಿ ಎಣಿಸಿದೆ. ಸೂರ್ಯ ಬರುವವರೆಗೂ ಏನೂ ಹೇಳುವಂತಿರಲಿಲ್ಲ.

ಬಂಡೆಯ ನೆತ್ತಿಗೆ ಬಿಸಿಲು ಬಿದ್ದ ಬೆಳಿಗ್ಗೆ ಗಾಳಿ ಇರಲಿಲ್ಲ. ಉಗುರಿನಷ್ಟು ಅಗಲದ ಹಳದಿ ಬೆಳಕು, ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು ನಿಂತು ಹೋಯಿತು. ನಾನು ಕಲ್ಲಿನ ಮೇಲೆಯೇ ಕೂತು ಲೆಕ್ಕ ಹಾಕಿದೆ. ಇಂದಿನಿಂದ ಹದಿಮೂರನೇ ದಿನ ಮೊಣಕಾಲು. ಕೂಸಿಗೆ ನಲವತ್ತು ತುಂಬುವುದು ಹದಿನಾಲ್ಕನೇ ದಿನ. ಅವರು ಹೊರಡುವುದು ಹದಿನೈದನೇ ದಿನ. ಮತ್ತೆ ಎಣಿಸಿದೆ. ಅಷ್ಟೇ ಬಂತು.

ಮನೆಗೆ ಬಂದಾಗ ಅಜ್ಜ ಒಲೆಯ ಹತ್ತಿರ ಮುಖ ಎತ್ತಿಕೊಂಡು ಕೂತಿದ್ದ.

"ಬಿತ್ತಾ?"

"ಇನ್ನೂ ಇಲ್ಲ ಅಜ್ಜ."

"ಮೋಡ ಇತ್ತಾ?"

"ಇಲ್ಲ. ಇನ್ನೂ ಬಂದಿಲ್ಲ."

ಒಂದು ದಿನದಿಂದ ಏನಾದೀತು ಎಂದುಕೊಂಡೆ. ಆದರೆ ಒಂದು ದಿನ ಸಾಲದೆಂದು ನನಗೆ ಗೊತ್ತಿತ್ತು. ಮಾರನೇ ದಿನವೂ ಅದನ್ನೇ ಹೇಳಿದೆ. ಮೂರನೇ ದಿನ ಹೇಳುವಾಗ ನಾಲಗೆ ತಡವರಿಸಲೂ ಇಲ್ಲ. ಅಜ್ಜ ಜೇಬಿಗೆ ಕೈ ಹಾಕಿ ಬೀಜಗಳನ್ನು ತಡವಿ ನೋಡಿದ. ನಾಲ್ಕನೇ ದಿನ "ಬಂದ ಅಜ್ಜ, ನೆತ್ತಿಗೆ ಬಂದ" ಎಂದೆ. ಅವನು ಎದ್ದು ಅಂಗಳಕ್ಕೆ ಹೋಗಿ ಊರಿಗೆ ಕೂಗಿ ಹೇಳಿದ.

ಕಿಮ್ಮತ್ ಅತ್ತೆ ಹಿಮದ ಮೇಲೆ ಮಣ್ಣು ಎರಚುತ್ತಿದ್ದಳು. ಕಪ್ಪು ಮಣ್ಣು ಬಿದ್ದರೆ ಹೊಲದ ಹಿಮ ಬೇಗ ಕರಗುತ್ತದೆ. "ಈ ವರ್ಷ ನಿಮ್ಮಜ್ಜನ ಸೂರ್ಯ ಕುಂಟುತ್ತಾ ಬಂದ್ನೇನೇ?" ಎಂದಳು. "ನನ್ನ ಮೂಳೆಗೆ ಆಗ್ಲೇ ಬೆಚ್ಚಗಾಗಿದೆ, ಅವನಿಗೆ ಇನ್ನೂ ಉಗುರೇ ಸಿಕ್ಕಿರ್ಲಿಲ್ಲವಾ!" ತಮಾಷೆಗೆ ಹೇಳಿದಳು. ನಾನು ಮುಖ ಕೆಳಗೆ ಹಾಕಿಕೊಂಡು ಹೋದೆ. ನಾನು ಯಾವಾಗಲೂ ಹಾಗೇ ಹೋಗುವುದರಿಂದ ಅವಳು ಗಮನಿಸಲಿಲ್ಲ.

ಅವರು ಬರುವ ದಿನ ಬೆಳಿಗ್ಗೆಯೇ ನದಿಯ ದಡಕ್ಕೆ ಹೋದೆ. ಕಂಬ ಬರಿದಾಗಿತ್ತು. ಮಂಜುಗಡ್ಡೆಯ ಕೆಳಗೆ ನೀರಿನ ಸದ್ದು ಕೇಳುತ್ತಿತ್ತು, ಅದು ಪ್ರತಿ ವರ್ಷವೂ ಕೇಳುತ್ತದೆ ಎಂದುಕೊಂಡೆ. ಆಚೆ ದಡದಲ್ಲಿ ಇಬ್ಬರು ಇಳಿದರು. ಮಿಜ್ರೋಬ್ ಮುಂದೆ, ಕೋಲಿನಿಂದ ಕುಟ್ಟುತ್ತ. ಅವನ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತ ಸವ್ರಿ, ಎದೆಗೆ ಕಟ್ಟಿಕೊಂಡ ಕೂಸು. ನಡುವೆ ಬಂದಾಗ ಅವಳು ನನ್ನನ್ನು ನೋಡಿ ಕೈ ಎತ್ತಿದಳು. ನಾನೂ ಎತ್ತಿದೆ.

ನಮ್ಮ ದಡಕ್ಕೆ ಮೂವತ್ತು ಹೆಜ್ಜೆ ಇತ್ತು. ಸವ್ರಿಯ ಕಾಲು ಮೊಣಕಾಲಿನವರೆಗೆ ಇಳಿಯಿತು. ಮಿಜ್ರೋಬ್ ತಿರುಗಿ ಅವಳ ತೋಳು ಹಿಡಿದು ಎಳೆದು ಮುಂದಕ್ಕೆ ನೂಕಿದ. "ಮಲಗು! ಮಲಗ್ಕೊಂಡು ತೆವಳು!" ಎಂದು ಕೂಗಿದ. ಅವಳು ಒಂದು ಕೈಯಲ್ಲಿ ಕೂಸನ್ನು ಒತ್ತಿ ಹಿಡಿದು ತೆವಳಿದಳು. ಅವನು ನಿಂತ ಜಾಗ ಒಡೆಯಿತು. ಅವನು ಮತ್ತೆ ಕೂಗಲಿಲ್ಲ. ಕೋಲು ಅಡ್ಡಲಾಗಿ ಸ್ವಲ್ಪ ಹೊತ್ತು ಸಿಕ್ಕಿಕೊಂಡಿತ್ತು, ಆಮೇಲೆ ಅದೂ ಹೋಯಿತು.

ನಾನು ಹೊಟ್ಟೆಯ ಮೇಲೆ ಮಲಗಿ ಸವ್ರಿಯ ಕೈ ಹಿಡಿದು ಎಳೆದೆ. ಒಂದೂವರೆ ವರ್ಷದ ಮೇಲೆ ಅವಳನ್ನು ಮುಟ್ಟಿದ್ದು ಹಾಗೆ.

ಏಳು ದಿನದ ನಂತರ ಕೆಳಗಿನ ಊರಿನವರಿಗೆ ಅವನ ದೇಹ ಸಿಕ್ಕಿತು. ಗಂಡನ ಮನೆಯವರು ಅಳುತ್ತ ಆಚೆ ದಡದಲ್ಲಿ ನಿಂತರು, ಸವ್ರಿ ಈಚೆ ದಡದಲ್ಲಿ. ದಾಟುವ ದಾರಿ ಇರಲಿಲ್ಲ. ಹೀಗೆ ಅಕ್ಕ ನಮ್ಮ ಮನೆಯಲ್ಲಿ ಉಳಿದಳು.

ರೇಡಿಯೋದಲ್ಲಿ ನವ್ರೂಜ್ ಎಂದ ದಿನ ಅಜ್ಜನ ಲೆಕ್ಕದಲ್ಲಿ ಸೂರ್ಯ ಇನ್ನೂ ಹೊಟ್ಟೆಯಲ್ಲಿದ್ದ. ಹಬ್ಬಕ್ಕೆ ಮನೆಯ ಕಂಬಗಳಿಗೆ ಹಿಟ್ಟು ಹಚ್ಚಬೇಕು, ಯಾವ ಮನೆಯಲ್ಲೂ ಹಚ್ಚಿರಲಿಲ್ಲ. ನಾಲ್ಕೈದು ಜನ ಬಂದು ನಮ್ಮ ಮನೆಯಲ್ಲಿ ಕೂತರು. ಕೊನೆಗೆ ಕಿಮ್ಮತ್ ಅತ್ತೆಯೇ ಮಾತಾಡಿದಳು.

"ಅಣ್ಣಾ, ಇಷ್ಟು ವರ್ಷ ನೀನು ಹೇಳಿದ ದಿನವೇ ರೇಡಿಯೋನೂ ಹೇಳ್ತಿತ್ತು. ಈ ಸಲ ಮೂರು ದಿನ ಹಿಂದೆ ಬಿದ್ದಿದ್ದೀಯ. ಆ ಹುಡುಗ..." ಸವ್ರಿ ಒಲೆಯ ಹತ್ತಿರ ಇದ್ದದ್ದು ಕಂಡು ನಿಲ್ಲಿಸಿದಳು.

"ಹೌದು," ಎಂದ ಅಜ್ಜ. "ತಪ್ಪು ನಂದೇ. ಕೆಂಪು ಬಟ್ಟೆ ತಗೊಂಡು ಹೋಗಿ. ಇನ್ಮೇಲೆ ರೇಡಿಯೋ ಕೇಳಿ ಕಟ್ಕೊಳ್ಳಿ."

ಅವರು ತೆಗೆದುಕೊಂಡು ಹೋದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಮಾರನೇ ದಿನ ಮೇಕೆಗಳಿಗೆ ಹುಲ್ಲು ಹಾಕುವಾಗ ಅಜ್ಜ ಗೋಡೆ ಹಿಡಿದುಕೊಂಡು ಬಂದ. ಅಲ್ಲಿ ಹೇಳಿದೆ. ಮೂರು ಬೆಳಿಗ್ಗೆಗಳನ್ನೂ ಹೇಳಿದೆ. ಅವನು ಮೇಕೆಯ ಕಿವಿ ಸವರಿದ.

"ಬೀಜದ ಲೆಕ್ಕ ಸರಿಯಾಗೇ ಇತ್ತು," ಎಂದ. "ಐವತ್ತಕ್ಕೆ ಮೂರು ಜಾಸ್ತಿ ಬಂದಾಗ ನನಗೇ ಅರಳುಮರಳು, ಎರಡೆರಡು ಸಲ ಹಾಕಿದ್ದೀನಿ ಅಂದ್ಕೊಂಡೆ. ನೋಜಿ ಕಣ್ಣು ತಪ್ಪಲ್ಲ ಅಂತ ಮೂರು ತೆಗೆದು ಒಲೆಗೆ ಎಸೆದೆ ಕಣೇ."

ನಾನು ಅವನ ಕಾಲು ಹಿಡಿಯಲು ಬಾಗಿದೆ. ಅವನು ಹಿಂದೆ ಸರಿದ.

"ಸವ್ರಿಗೆ ನೀನೇ ಹೇಳು. ನಾನು ಹೇಳಲ್ಲ. ಆದ್ರೆ ಈ ಮನೆ ರೊಟ್ಟಿ ತಿನ್ನೋವಾಗ ಅವಳು ಗೊತ್ತಿದ್ದು ತಿನ್ಬೇಕು."

ಹೇಳಲು ಜರ್ದಾಳು ಮರ ಹೂಬಿಡುವವರೆಗೂ ಆಗಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆ ದಿನಗಳಲ್ಲಿ ನನಗೆ ಸುಖವೂ ಇತ್ತು. ಅಕ್ಕ ಅಳುತ್ತಿದ್ದಳು, ಅತ್ತ ಮೇಲೆ ನನ್ನ ತಲೆ ಬಾಚುತ್ತಿದ್ದಳು. ಕೂಸು ನನ್ನ ತೋಳಿನಲ್ಲಿ ನಿದ್ದೆ ಹೋಗುತ್ತಿತ್ತು. ಬೆಳಿಗ್ಗೆ ಏಳುವಾಗ ಪಕ್ಕದಲ್ಲಿ ಅವಳ ಉಸಿರು ಕೇಳುತ್ತಿತ್ತು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಅವಳು ನನ್ನ ಜಡೆ ಹೆಣೆಯುತ್ತಿದ್ದಳು. ಮುಖ ಕಾಣದಿದ್ದುದರಿಂದ ಹೇಳಲು ಆಯಿತು. ನಡುವೆ ಅವಳ ಕೈ ನಿಂತಿತು. ನಾನು ಮುಗಿಸಿದ ಮೇಲೆ ಮತ್ತೆ ಹೆಣೆದಳು, ತುದಿಯವರೆಗೆ ಹೆಣೆದು ದಾರ ಕಟ್ಟಿದಳು.

"ನದಿ ದಾಟೋಕೆ ಆಗದಿದ್ರೆ ಈ ಬೇಸಿಗೆಗೆ ಬರೋದು ಅಂತ ಮಾತಾಗಿತ್ತು," ಎಂದಳು. "ಬಟ್ಟೆ ಕಂಡ್ರೆ ಸೇತುವೆ ಮೇಲೆ ಕರ್ಕೊಂಡ್ ಹೋಗ್ತೀನಿ ಅಂದಿದ್ರು. ಎರಡು ದಿನ ತಾನೇ, ಕೂಸನ್ನ ನಾನೇ ಹೊರ್ತೀನಿ ಅಂದಿದ್ರು."

"ಅಕ್ಕಾ..."

"ಮೂರು ತಿಂಗಳು ಕಾಯೋಕೆ ಆಗ್ಲಿಲ್ವೇನೇ ನಿನಗೆ?"

ಅವಳು ಬಾಚಣಿಗೆಯಿಂದ ಕೂದಲು ಬಿಡಿಸಿ, ಉಂಡೆ ಮಾಡಿ, ಗೋಡೆಯ ಸಂದಿಗೆ ತುರುಕಿ ಒಳಗೆ ಹೋದಳು.

ಊರಿಗೂ ನಾನೇ ಹೇಳಿದೆ. ನೀರಿನ ಕಾಲುವೆ ಸರಿಮಾಡಲು ಎಲ್ಲರೂ ಸೇರಿದ್ದಾಗ ಎದ್ದು ನಿಂತು ಹೇಳಿದೆ, ಹಿಂದಿದ್ದವರಿಗೆ ಕೇಳದೆ ಎರಡು ಸಲ ಹೇಳಬೇಕಾಯಿತು. "ಇವಳಿಗೆ ಬಾಯೇ ಇಲ್ಲ ಅಂದ್ಕೊಂಡಿದ್ವಿ, ನೋಡು," ಎಂದಳು ಕಿಮ್ಮತ್ ಅತ್ತೆ. ಯಾರೂ ಬೈಯಲಿಲ್ಲ. ಕಿಮ್ಮತ್ ಅತ್ತೆಯ ಗಂಡ ಕೆಂಪು ಬಟ್ಟೆಯನ್ನು ಅಜ್ಜನಿಗೆ ವಾಪಸು ತಂದುಕೊಟ್ಟ. ಅಜ್ಜ ತೆಗೆದುಕೊಳ್ಳಲಿಲ್ಲ. ನೋಡಲು ತನಗೆ ಕಣ್ಣಿಲ್ಲ ಎಂದ.

ಸವ್ರಿ ನನ್ನೊಡನೆ ಮಾತು ಬಿಟ್ಟಳು. ಕೂಸನ್ನು ನಾನು ಎತ್ತಿಕೊಂಡರೆ ಬೇಡ ಎನ್ನಲಿಲ್ಲ, ಆದರೆ ತಾನಾಗಿ ಕೊಡಲೂ ಇಲ್ಲ.

ದಾರಿ ತೆರೆದ ವಾರದಲ್ಲೇ ಅವಳ ಮಾವ ಕತ್ತೆ ಹಿಡಿದುಕೊಂಡು ಸೇತುವೆಯ ಮೇಲಿಂದ ಬಂದರು. ಗಂಡ ಸತ್ತ ಮನೆಗೆ ಹೋಗುತ್ತೀಯಾ, ಇಲ್ಲೇ ಇರುತ್ತೀಯಾ ಎಂದು ಅಜ್ಜ ಕೇಳಿದ. "ಹೋಗ್ತೀನಿ," ಎಂದಳು. ಗಂಟು ಕಟ್ಟುವಾಗ ನಾನು ಒಣಗಿದ ಹಿಪ್ಪುನೇರಳೆ ಹಣ್ಣು ತುಂಬಿದ ಚೀಲ ಇಟ್ಟೆ. ಅದನ್ನು ಅವಳು ತೆಗೆದಿಡಲಿಲ್ಲ.

ಮೊದಲ ತಿರುವಿನವರೆಗೆ ನಾನು ಕೂಸನ್ನು ಹೊತ್ತುಕೊಂಡು ಹೋದೆ. ಅಲ್ಲಿ ಸವ್ರಿ ನಿಂತು ಎರಡೂ ಕೈ ಚಾಚಿ "ಕೊಡು" ಎಂದಳು. ಕೂಸು ನನ್ನ ಜಡೆಯನ್ನು ಹಿಡಿದಿತ್ತು. ಅವಳು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಜ್ಜನಿಗೆ ರೊಟ್ಟಿ ನೆನೆಸಿ ಕೊಡು, ಹಲ್ಲಿಲ್ಲ," ಎಂದಳು.

ಮತ್ತೆ ಯಾವಾಗ ಬರುತ್ತೀಯ ಎಂದು ನಾನು ಕೇಳಲಿಲ್ಲ. ಮೊದಲ ರಾತ್ರಿ ಎಲ್ಲಿ ತಂಗುತ್ತಾರೆಂದೂ ಕೇಳಲಿಲ್ಲ. ಕತ್ತೆ ಮುಂದೆ, ಮಾವ ಅದರ ಹಿಂದೆ, ಕೊನೆಯಲ್ಲಿ ಅವಳು, ಬೆಟ್ಟದ ಮಗ್ಗುಲಿಗೆ ತಿರುಗಿದರು.