ಹಸಿ ನೆಲ

“ಏ ಬೋಳಿಮಗಳೇ, ಕಾಲಿಡ್ಬೇಡ! ನಾಳೆ ಮಂತ್ರಿಗಳು ನಡೆಯೋ ನೆಲ ಅದು!”

ಮೇಸ್ತ್ರಿ ಬೈದದ್ದು ಗಾರೆಯವಳ ಮಗಳಿಗೆ. ಅವ್ವನಿಗೆ ನೀರು ತಂದ ಹುಡುಗಿ, ಎತ್ತಿದ ಕಾಲನ್ನು ಇಳಿಸದೆ ಕೊಕ್ಕರೆಯಂತೆ ನಿಂತಳು. ಹೊಸ ಹೈಸ್ಕೂಲಿನ ಎಂಟನೇ ಕ್ಲಾಸಿನ ಮುಂದಿನ ಪಡಸಾಲೆಗೆ ಆಗಷ್ಟೇ ಸಿಮೆಂಟು ಬಿದ್ದಿತ್ತು. ಗಾರೆಯವಳು ಕುಕ್ಕರಗಾಲಲ್ಲಿ ಕೂತು, ಕರಣೆಯಿಂದ ನೆಲ ನುಣುಪು ಮಾಡುತ್ತ ಅಂಗಳದ ಕಡೆಗೆ ಹಿಂದಹಿಂದಕ್ಕೆ ಸರಿಯುತ್ತಿದ್ದಳು. ನೆಲ ಮಾಡುವವರು ಹಿಂದಕ್ಕೇ ಸರಿಯಬೇಕು. ಕೆಲಸ ಮುಗಿಯುವ ಹೊತ್ತಿಗೆ ತಾವೇ ಹೊರಗಿರುತ್ತಾರೆ.

ಗಾರೆಯವಳ ಮನೆತನಕ್ಕೆ ಇದು ರೂಢಿ. ಊರಿನ ಮೊದಲ ಸರ್ಕಾರಿ ಹೈಸ್ಕೂಲಿಗೆ ಅಜ್ಜಿ ಕಲ್ಲು ಹೊತ್ತಳು. ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವ್ವ ಮಣ್ಣು ಹೊತ್ತಳು. ಅಲ್ಲಿನ ಮರಳ ಗುಡ್ಡೆಯ ಮೇಲೇ ಗಾರೆಯವಳು ಹುಟ್ಟಿದ್ದು. ಅಷ್ಟು ಬೇಗ ಹೈಸ್ಕೂಲು ಸೇರಿದವರು ಊರಲ್ಲಿ ಇನ್ನೊಬ್ಬರಿಲ್ಲ. ಆದರೆ ನೆಲ ಒಣಗಿದ ಮೇಲೆ ಅವರ್ಯಾರನ್ನೂ ಒಳಗೆ ಬಿಡಲಿಲ್ಲ.

ಇದು ಮೂರನೆಯದು. ನಾಳೆ ಉದ್ಘಾಟನೆ. ಎಂಟನೇ ಕ್ಲಾಸಿಗೆ ಸೇರಲು ಇವತ್ತೇ ಕೊನೆ.

“ಸಾರ್, ಮಗಳನ್ನ ಸೇರ್ಸೋದು ಏನಾಯ್ತು?”

ಅಂಗಳದಲ್ಲಿ ಹೆಡ್ಮಾಸ್ತರರು ನಾಳೆಯ ಭಾಷಣ ಬಾಯಿಪಾಠ ಮಾಡುತ್ತಿದ್ದರು. “ಈ ನಗರದ ಹೈಸ್ಕೂಲುಗಳ ಬಾಗಿಲು ಎಂದೂ ಯಾರಿಗೂ ಮುಚ್ಚಿಲ್ಲ... ಏನಮ್ಮಾ ನಿಂದು? ವಿಳಾಸ ಇಲ್ದೆ ಹ್ಯಾಗೆ ಸೇರಿಸ್ಕೊಳ್ಲಿ? ಮನೆ ಎಲ್ಲಿ?”

“ಇಲ್ಲೇ ಸಾರ್, ನಿಮ್ಮ ಪಾಯಖಾನೆ ಹಿಂದೆ.”

“ಅದು ಗುಡಾರ. ಬೆಳಿಗ್ಗೆ ಎತ್ತಿಸ್ತೀವಿ. ಮಂತ್ರಿಗಳ ಕಣ್ಣಿಗೆ ಬೀಳ್ಬಾರ್ದು.”

“ಪಾಯ ತೋಡಿದಾಗ್ನಿಂದ ಸ್ಕೂಲೊಳಗೇ ಇದೀವಲ್ಲ ಸಾರ್.”

“ಅದಕ್ಕೇ ಹೇಳೋದು, ಇದ್ದಿದ್ದು ಸಾಕು, ಹೊರಡಿ ಅಂತ.”

ಮೇಸ್ತ್ರಿ ಹಲ್ಲುಕಿರಿದ. “ಗಾರೆಯೋಳ ಮಗಳಿಗೆ ಯಾಕೆ ಅಕ್ಷರ? ಮುಂದಿನ ಬಿಲ್ಡಿಂಗಿಗೆ ಇವಳೂ ಒಂದಾಳು.”

ಗಾರೆಯವಳು ಕರಣೆ ಎತ್ತಿ ಅವನನ್ನು ದುರುಗುಟ್ಟಿ ನೋಡಿದಳು. ಆದರೂ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ. ಕೊನೆಯ ಮೂಲೆಯನ್ನೂ ನುಣ್ಣಗೆ ಮಾಡಿ, ಅಂಗಳಕ್ಕಿಳಿದು, ಕರಣೆ ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗಳ ಕೈ ಹಿಡಿದಳು.

“ಬಾರೇ.”

“ಅವ್ವಾ, ಹಸಿ ಇದೆ.”

“ಹಸಿ ಇದ್ದಾಗ್ಲೇ ಹೋಗ್ಬೇಕು ಕಣೇ. ಒಣಗಿದ್ಮೇಲೆ ಬಿಡಲ್ಲ.”

ಪಡಸಾಲೆಯ ನಟ್ಟನಡುವೆ ಇಬ್ಬರೂ ಹಿಮ್ಮಡಿ ಊರಿ ನಡೆದರು. ಹೆಜ್ಜೆಗಳೆಲ್ಲ ಒಳಮುಖವಾಗಿ ಮೂಡಿದವು. ಕ್ಲಾಸಿನೊಳಗೆ ಹೋಗಿ ಮೊದಲ ಬೆಂಚಿನಲ್ಲಿ ಮಗಳನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಬೆಂಚಿನ ಮೇಲೆ ಕೂತದ್ದು ಅವಳ ಮನೆತನದಲ್ಲಿ ಅದೇ ಮೊದಲು. ಬೆಂಚು ಸ್ವಲ್ಪ ಅಲ್ಲಾಡುತ್ತಿತ್ತು.

“ಅಯ್ಯೋ ಲೌಡಿ, ಬಾರೇ ಈಚೆ! ಸರಿಮಾಡೇ ಇದನ್ನ!” ಮೇಸ್ತ್ರಿ ಬಾಯಿ ಬಡಿದುಕೊಂಡ. ಒಳಹೋಗಿ ಎಳೆದು ತರೋಣವೆಂದರೆ ಅವನ ಬೂಟಿನ ಗುರುತೂ ಬೀಳುತ್ತದೆ. ಹೆಡ್ಮಾಸ್ತರರು ಭಾಷಣ ಹಿಡಿದುಕೊಂಡು ಅಂಗಳದ ಅಂಚಿನಲ್ಲೇ ನಿಂತರು. ಇದ್ದ ಒಂದು ಕರಣೆ ಅವಳ ಸೊಂಟದಲ್ಲಿತ್ತು.

“ಒಣಗ್ತಾ ಇದೆಯಲ್ಲೇ!” ಮೇಸ್ತ್ರಿ ಮತ್ತೆ ಕೂಗಿದ.

“ಒಣಗ್ಲಿ ಬಿಡಿ,” ಎಂದಳು.