ನೀ ಯಾರ ಪೈಕಿ

ಹುನಗುಂದಕ್ಕೆ ಬಂದ ಹೊಸದರಲ್ಲಿ ಶಿವಗಂಗಾ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಮನೆಯೊಡತಿ ಬಸಲಿಂಗವ್ವನಿಗೆ. ಶಿವಗಂಗಾ ಕೊಳ್ಳೇಗಾಲದ ಕಡೆಯವಳು. ಹನಿ ನೀರಾವರಿಯ ಪೈಪು, ಫಿಲ್ಟರು ನೋಡಿಕೊಳ್ಳುವ ಕಂಪನಿಯಲ್ಲಿ ಕೆಲಸ. ಮರೋಳದ ಸುತ್ತಲಿನ ಹೊಲಗಳಿಗೆ ದಿನವೂ ಸ್ಕೂಟರಿನಲ್ಲಿ ಹೋಗಿ ಬರಬೇಕು. ಗಂಡ ಮೈಸೂರಿನಲ್ಲೇ ಉಳಿದಿದ್ದ. ಇವಳು ಒಬ್ಬಳೇ ಬಂದು ಬಸಲಿಂಗವ್ವನ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದಳು.

ಬಸಲಿಂಗವ್ವ ಬಾಗಿಲು ತಟ್ಟುವವಳಲ್ಲ. ಸೀದಾ ಒಳಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಜಗಳಕ್ಕೆ ನಿಂತವಳ ಹಾಗೆ ಕೇಳುತ್ತಿದ್ದಳು.

"ಗಂಡ ಏನ್ ಕೆಲಸ ಮಾಡ್ತಾನ? ಯಾಕ ಕರ್ಕೊಂಡ್ ಬಂದಿಲ್ಲ? ನಿಮ್ಮಪ್ಪ ಅದಾನೋ ಇಲ್ಲೋ? ಮಕ್ಕಳ್ಯಾಕ ಆಗಿಲ್ಲ ಇನ್ನಾ?"

ಮುಖದಲ್ಲಿ ನಗುವಿನ ಎಳೆಯೂ ಇರುತ್ತಿರಲಿಲ್ಲ. ಶಿವಗಂಗಾ ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ಕೊನೆಗೆ ಹಗಲಲ್ಲೂ ಚಿಲಕ ಹಾಕಿಕೊಳ್ಳತೊಡಗಿದಳು. ಆಗ ಬಾಗಿಲ ಆಚೆಯಿಂದ ದನಿ ಬರುತ್ತಿತ್ತು: "ಒಳಗ ಏನ್ ಬಂಗಾರ ಕಾಯಾಕತ್ತೀಯೇನ?"

"ಇಲ್ಲಿ ಮಾತಾಡೋದೂ ಬೈಯೋದೂ ಒಂದೇ ಥರ ಕೇಳ್ಸುತ್ತೆ," ಎಂದು ಅವಳು ಗಂಡನಿಗೆ ಫೋನಿನಲ್ಲಿ ಹೇಳಿದಳು.

ಅವಳಿಗೆ ಹಿತವೆನಿಸಿದವನು ಒಬ್ಬನೇ. ಮರೋಳದಾಚೆಯ ಹಳ್ಳಿಯೊಂದರ ಕೂಡುರಸ್ತೆಯಲ್ಲಿ ತಗಡಿನ ಚಹಾ ಅಂಗಡಿ ಇಟ್ಟುಕೊಂಡಿದ್ದ ಆತ ದೂರದಿಂದಲೇ ನಗುತ್ತಿದ್ದ. "ಬರ್ರಿ ಮೇಡಂ, ಕುಂಡ್ರಿ," ಎಂದು ಬೆಂಚು ಒರೆಸುತ್ತಿದ್ದ. ಕೇಳದಿದ್ದರೂ ಬಿಸಿ ಮಿರ್ಚಿ ಬಜ್ಜಿ ತಂದಿಡುತ್ತಿದ್ದ. ಏನನ್ನೂ ವಿಚಾರಿಸುತ್ತಿರಲಿಲ್ಲ. ಅದೇ ಅವಳಿಗೆ ಹಿಡಿಸಿತ್ತು.

ಆ ಬೇಸಿಗೆಯಲ್ಲಿ ಎಲ್ಲರ ಮೊಬೈಲಿಗೂ ಒಂದು ವಿಡಿಯೋ ಬಂದಿತ್ತು. ಬೇರೆ ಕಡೆಯ ಹೆಂಗಸರು ಹಳ್ಳಿಗಳಲ್ಲಿ ಸುತ್ತಾಡಿ ಮಕ್ಕಳನ್ನು ಕದ್ದೊಯ್ಯುತ್ತಿದ್ದಾರೆ, ಅವರ ಮಾತು ನಮ್ಮಂತಿರುವುದಿಲ್ಲ, ಎಚ್ಚರ ಎಂದು ಅದರಲ್ಲಿ ಯಾರೋ ಕೂಗಿ ಹೇಳುತ್ತಿದ್ದ. ಶಿವಗಂಗಾ ಅದನ್ನು ಅರ್ಧ ನೋಡಿ ಅಳಿಸಿಹಾಕಿದ್ದಳು.

ಒಂದು ಮಧ್ಯಾಹ್ನ ಆ ಚಹಾ ಅಂಗಡಿಯ ಹಳ್ಳಿಯ ಹೊಲವೊಂದರಿಂದ ಮರಳುವಾಗ, ರಸ್ತೆ ಬದಿಯ ಬಸ್ ತಂಗುದಾಣದಲ್ಲಿ ಹುಡುಗಿಯೊಬ್ಬಳು ಕೂತು ಅಳುತ್ತಿದ್ದಳು. ಐದಾರು ವರ್ಷದವಳಿರಬೇಕು. ಅಂಗಾಲಿಗೆ ಬಾಟಲಿಯ ಗಾಜು ಹೊಕ್ಕು ರಕ್ತ ಹರಿಯುತ್ತಿತ್ತು. ಹೆಸರು ಕೇಳಿದರೆ "ಮಾಯಾ" ಎಂದಳು. ಅವ್ವ ಎಲ್ಲಿ ಎಂದರೆ ಹೊಲಗಳ ಕಡೆ ಕೈ ಮಾಡಿದಳು. ಶಿವಗಂಗಾ ಗಂಟಲು ಹರಿಯುವಂತೆ ಕೂಗಿದಳು. ಬಿಸಿಲಿನಲ್ಲಿ ಯಾರೂ ಕಾಣಲಿಲ್ಲ. ದುಪಟ್ಟಾ ಸುತ್ತಿದರೂ ರಕ್ತ ನಿಲ್ಲಲಿಲ್ಲ. ಕೂಡುರಸ್ತೆ ದಾಟಿದರೆ ದವಾಖಾನೆ. ಮಗುವನ್ನು ಮುಂದೆ ಕೂರಿಸಿಕೊಂಡು ಸ್ಕೂಟರ್ ಚಾಲೂ ಮಾಡಿದಳು. ಮಾಯಾ ಇನ್ನೂ ಜೋರಾಗಿ ಚೀರತೊಡಗಿದಳು.

ಎದುರಿನಿಂದ ಬಂದ ಬೈಕೊಂದು ಅವರನ್ನು ದಾಟಿಹೋಯಿತು. ಕನ್ನಡಿಯಲ್ಲಿ ನೋಡಿದರೆ ಅದು ತಿರುಗಿ ಬರುತ್ತಿತ್ತು.

ಕೂಡುರಸ್ತೆಯಲ್ಲಿ ಬೈಕು ಅಡ್ಡ ನಿಂತಿತು. ಇಬ್ಬರು ಇಳಿದರು.

"ಯಾರ ಕೂಸದು?"

"ಗೊತ್ತಿಲ್ಲ ಕಣ್ರಿ. ಕಾಲಿಗೆ ಗಾಜು ಚುಚ್ಚಿದೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ."

"ಕೇಳ್ದೇನಲೇ ಮಾತು?" ಒಬ್ಬ ಇನ್ನೊಬ್ಬನ ಕಡೆ ನೋಡಿದ. "ವಿಡಿಯೋದಾಗ ಹೇಳಿದಂಗ ಐತಿ."

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಒಬ್ಬ ಸ್ಕೂಟರಿನ ಕೀಲಿ ಕಿತ್ತುಕೊಂಡ. ಒಬ್ಬ ಹೆಂಗಸು ಮಾಯಾಳನ್ನು ಎಳೆದುಕೊಂಡು ದೂರ ಸರಿದಳು. ಅಂಗಡಿಯ ಬೆಂಚಿನಿಂದ, ಟ್ರ್ಯಾಕ್ಟರಿನಿಂದ ಜನ ಓಡಿಬಂದರು. ಮೊಬೈಲುಗಳು ಅವಳ ಮುಖಕ್ಕೆ ಬಂದವು. ಯಾರೋ ಚೀಲವನ್ನು ರಸ್ತೆಗೆ ಸುರಿದರು. ಪೈಪಿನ ತುಂಡು, ಇಕ್ಕಳ, ಪೈಪು ಕೊಯ್ಯುವ ಚಾಕು ಬಿದ್ದವು.

"ಚಾಕು ಐತ್ರೋ!"

ಹಿಂದಿನಿಂದ ಯಾರೋ ಅವಳ ಜಡೆ ಹಿಡಿದು ಜಗ್ಗಿದರು. ಕೆನ್ನೆಗೆ ಒಂದು ಏಟು ಬಿತ್ತು. ಹೊಡೆದದ್ದು ಹೆಂಗಸಿನ ಕೈಯೆಂದು ಬಳೆಯ ಸದ್ದಿನಿಂದ ಗೊತ್ತಾಯಿತು. ಹೆಸರು ಕೇಳಿದಾಗ ಶಿವಗಂಗಾಳಿಗೆ ಬಾಯಿ ಬರಲಿಲ್ಲ. ಇವರು ನನ್ನನ್ನು ಇಲ್ಲೇ, ಈ ಬಿಸಿಲಿನಲ್ಲೇ ಕೊಲ್ಲುತ್ತಾರೆ ಅನ್ನಿಸಿತು.

"ನೀ ಯಾರ ಪೈಕಿ? ಹೇಳ, ಯಾರ ಪೈಕಿ?"

ನಿನ್ನ ಕಡೆಯವರು ಯಾರು ಎಂದು ಅವರು ಕೇಳುತ್ತಿದ್ದರು. ಅವಳಿಗದು ಅರ್ಥವಾಗಲಿಲ್ಲ. "ಗೊತ್ತಿಲ್ಲ," ಎಂದುಬಿಟ್ಟಳು. ಗುಂಪು ಇನ್ನೂ ಒತ್ತಿ ಬಂತು.

ಆಗ ಜನರ ಹೆಗಲುಗಳ ನಡುವೆ ಚಹಾ ಅಂಗಡಿಯವನ ಮುಖ ಕಂಡಿತು.

"ಇವರನ್ನ ಕೇಳಿ! ಇವರಿಗೆ ನಾನು ಗೊತ್ತು!"

ಎಲ್ಲರೂ ಅವನತ್ತ ತಿರುಗಿದರು. ಅವನು ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡ. ಅವನ ಮುಖವೂ ಬಿಳಿಚಿಕೊಂಡಿತ್ತು.

"ಚಾ ಕುಡಿಯಾಕ ಬರ್ತಾರ್ರಿ. ಯಾರು, ಎಲ್ಲಿಯವ್ರು ನನಗೇನ್ ಗೊತ್ತು? ಹೆಸರೂ ಗೊತ್ತಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಅವನ ಹೆಸರು ಅವಳಿಗೂ ಗೊತ್ತಿರಲಿಲ್ಲ.

ಟ್ರ್ಯಾಕ್ಟರಿನಿಂದ ಇಳಿದುಬಂದ ವಯಸ್ಸಾದ ರೈತನೊಬ್ಬ ನಡುವೆ ತೂರಿಕೊಂಡ. ಎಲ್ಲರೂ ಆತನನ್ನು ಫಕ್ರುಸಾಬ ಎಂದು ಕರೆಯುತ್ತಿದ್ದರು. "ಕೈ ತಗೀರಿ. ಮೊದ್ಲ ಕೇಳೂಣು. ಎಲ್ಲಿರ್ತಿ ನೀ?"

"ಹುನಗುಂದ. ಬಸಲಿಂಗವ್ವ ಅಂತ… ಅವರ ಮನೆ."

"ಯಾವ ಬಸಲಿಂಗವ್ವ? ಆಕಿ ಗಂಡನ ಹೆಸರೇನು?"

ಶಿವಗಂಗಾಳಿಗೆ ಅದು ಗೊತ್ತಿರಲಿಲ್ಲ. ಇಷ್ಟು ದಿನ ಒಂದೇ ಗೋಡೆಯ ಆಚೆ ಈಚೆ ಮಲಗಿದ್ದರೂ ಆ ಮನೆಯ ಗಂಡಸಿನ ಹೆಸರು ಕೇಳಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ.

"ನೋಡ್ರಿ! ಇರೂ ಮನಿದೂ ಗೊತ್ತಿಲ್ಲ ಈಕಿಗೆ!"

ಫಕ್ರುಸಾಬ ಅವಳ ಫೋನು ತೆಗೆದುಕೊಂಡು ಅವಳಿಂದಲೇ ಬಸಲಿಂಗವ್ವನ ನಂಬರು ಹಚ್ಚಿಸಿದ. ಸ್ಪೀಕರ್ ಹಾಕಿ ತಲೆಯ ಮೇಲೆ ಎತ್ತಿ ಹಿಡಿದ. ರಿಂಗಾಗುತ್ತಲೇ ಇತ್ತು. ಎತ್ತದಿದ್ದರೆ ಏನಾಗುತ್ತದೆಂದು ಶಿವಗಂಗಾಳಿಗೆ ಗೊತ್ತಿತ್ತು.

"ಏನವಾ, ನೀರಿನ ಮೋಟಾರ ಬಂದ್ ಮಾಡಿ ಹೋಗೀಯೋ ಇಲ್ಲೋ?"

ಅದೇ ಬೈಯುವ ದನಿ. ಫಕ್ರುಸಾಬ ನಡೆದದ್ದನ್ನು ಹೇಳಿದ. ಆಚೆ ಕಡೆಯ ದನಿ ಏರಿತು.

"ಆಕಿ ಶಿವಗಂಗಾ. ಕೊಳ್ಳೇಗಾಲದಾಕಿ. ಅಪ್ಪ ರೇಷ್ಮಿಗೂಡಿನ ಯಾಪಾರ ಮಾಡ್ತಿದ್ದ, ತೀರಿಕೊಂಡಾನ. ತಾಯಿಗೆ ಮೊಣಕಾಲ ಬ್ಯಾನಿ. ಗಂಡ ಮೈಸೂರಾಗ ಕಾಲೇಜಿನ ಲೈಬ್ರರಿ ನೋಡ್ಕೋತಾನ. ನಿಮ್ಮ ಹೊಲದ ಪೈಪ್ ರಿಪೇರಿ ಮಾಡಾಕಂತನ ಬಿಸಲಾಗ ಸಾಯಾಕತ್ತಾಳ. ಹಲ್ಲಿ ಕಂಡ್ರ ಮಂಚ ಹತ್ತಾಕಿ, ಕೂಸು ಕದೀತಾಳಾ? ಯಾರ ಪೈಕಿ ಅಂತ ಕೇಳ್ತೀರಿ? ನಮ್ಮ ಪೈಕಿ! ಅಲ್ಲೇ ಇರ್ರಿ, ಬರ್ತೇನಿ. ಆಕಿ ಮೈ ಮುಟ್ಟಿದವರ ಹೆಸರು ಕೇಳಿಟ್ಟಿರ್ರಿ, ಸಾಹೇಬ್ರ."

ಯಾರೂ ನಗಲಿಲ್ಲ. ಯಾರೂ ತಪ್ಪಾಯಿತು ಎನ್ನಲಿಲ್ಲ. ಜಡೆ ಹಿಡಿದಿದ್ದ ಕೈ ಮಾತ್ರ ಸಡಿಲವಾಯಿತು. ಗುಂಪು ನಾಲ್ಕು ಹೆಜ್ಜೆ ಹಿಂದೆ ಸರಿದು ಅವಳನ್ನೇ ನೋಡುತ್ತ ನಿಂತಿತು.

ಅಷ್ಟರಲ್ಲಿ ಹೊಲದ ಕಡೆಯಿಂದ ಹೆಂಗಸೊಬ್ಬಳು ಓಡಿಬಂದಳು. ಮಾಯಾಳ ತಾಯಿ ಲಗಮವ್ವ. ರಕ್ತ ನೋಡಿದವಳೇ ಶಿವಗಂಗಾಳತ್ತ ತಿರುಗಿ, "ನನ್ನ ಕೂಸಿಗೆ ಏನ್ ಮಾಡ್ದೇ ನೀ?" ಎಂದು ಚೀರಿದಳು.

"ಗಾಜು ಚುಚ್ಚೈತವ್ವಾ," ಎಂದಳು ಮಾಯಾ, ಬಿಕ್ಕುತ್ತ. "ಆ ಅಕ್ಕ ಅರಿವಿ ಕಟ್ಟಿದ್ಲು."

ಗುಂಪಿನಲ್ಲಿ ಕೆಲವರು ನೆಲ ನೋಡಿದರು. ಲಗಮವ್ವ ಮಾತ್ರ ಶಿವಗಂಗಾಳನ್ನು ಅದೇ ಕಣ್ಣಿನಿಂದ ನೋಡುತ್ತ ಮಗಳನ್ನು ಎದೆಗವಚಿಕೊಂಡಳು. ಬೈಕಿನವರೇ ಅವರಿಬ್ಬರನ್ನೂ ದವಾಖಾನೆಗೆ ಕರೆದೊಯ್ದರು.

ಬಸಲಿಂಗವ್ವ ಆಟೋದಲ್ಲಿ ಬಂದಳು. ಅಪ್ಪಿಕೊಳ್ಳಲಿಲ್ಲ, ಸಮಾಧಾನ ಹೇಳಲಿಲ್ಲ. ರಸ್ತೆಯ ಮೇಲೆ ಬಿದ್ದಿದ್ದ ಇಕ್ಕಳ, ಪೈಪಿನ ತುಂಡುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬಿದಳು. ನಿಂತಿದ್ದವರನ್ನೆಲ್ಲ ಹೆಸರು ಕೇಳಿ ಕೇಳಿ ಬೈದಳು. ಕೀಲಿ ವಾಪಸು ಬಂತು. ಆದರೆ ಬಸಲಿಂಗವ್ವ ಅವಳಿಗೆ ಓಡಿಸಗೊಡಲಿಲ್ಲ; ಸ್ಕೂಟರನ್ನು ಫಕ್ರುಸಾಬನ ಮನೆಯಲ್ಲೇ ಬಿಟ್ಟು ಇಬ್ಬರೂ ಆಟೋ ಹತ್ತಿದರು. ದಾರಿಯುದ್ದಕ್ಕೂ ಬಸಲಿಂಗವ್ವ ಅವಳ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು.

"ನಿಮ್ಮ ಯಜಮಾನರ ಹೆಸರೇನಮ್ಮ?" ಎಂದು ಶಿವಗಂಗಾ ಕೇಳಿದಳು.

"ಬಸಯ್ಯ. ಈಗ್ಯಾಕದು?"

ಶಿವಗಂಗಾ ಆಗ ಅತ್ತಳು.

ಅಂಜಿಕೆ ಬೇಗ ಹೋಗಲಿಲ್ಲ. ಹಿಂದೆ ಬೈಕಿನ ಸದ್ದು ಕೇಳಿದರೆ ಸ್ಕೂಟರನ್ನು ಪಕ್ಕಕ್ಕೆ ಹಾಕಿ ಅದು ದಾಟುವ ತನಕ ನಿಲ್ಲುತ್ತಿದ್ದಳು. ಮಕ್ಕಳು ನಕ್ಕರೆ ಮುಖ ತಿರುಗಿಸುತ್ತಿದ್ದಳು. ಬೇರೆಡೆಗೆ ವರ್ಗ ಮಾಡಿ ಎಂದು ಕಂಪನಿಯನ್ನು ಕೇಳಿಕೊಂಡಳು. ಬಾದಾಮಿ ಕಡೆ ಜಾಗ ಖಾಲಿಯಾಗಿದೆ ಎಂದು ಅವರು ತಿಳಿಸಿದಾಗ ಅವಳಿಗೆ ಬೇರೊಂದು ದಿಗಿಲು ಹುಟ್ಟಿತು. ಅಲ್ಲಿ ಇಂಥ ಹೊತ್ತಿನಲ್ಲಿ ಯಾರಿಗೆ ಫೋನು ಮಾಡುವುದು? ಹೋಗುವುದಿಲ್ಲ ಎಂದುಬಿಟ್ಟಳು.

ಆ ಹಳ್ಳಿಗೆ ಮತ್ತೆ ಹೋಗಲೇಬೇಕಾದ ದಿನ ಬಸಲಿಂಗವ್ವ ಕೇಳದೆಯೇ ಸ್ಕೂಟರಿನ ಹಿಂದೆ ಕೂತಳು. ಚಹಾ ಅಂಗಡಿಯವ ಎಂದಿನಂತೆ ಬೆಂಚು ಒರೆಸಿದ. "ಬರ್ರಿ ಮೇಡಂ, ಕುಂಡ್ರಿ." ಅದೇ ನಗು. ಶಿವಗಂಗಾ ಅವನ ಮುಖ ನೋಡದೆ ಕೂತಳು.

"ನಿನ್ನ ಹೆಸರೇನಪಾ?" ಬಸಲಿಂಗವ್ವ ಕೇಳಿದಳು.

"ನಾಗಲಿಂಗ್ರಿ."

"ಈಕಿ ಶಿವಗಂಗಾ. ನೆನಪಿಟ್ಟುಕೋ."

ಅವನು ತಲೆ ತಗ್ಗಿಸಿ ಚಹಾ ಸೋಸತೊಡಗಿದ.

ಲಗಮವ್ವ ಮಗಳ ಕೈ ಹಿಡಿದುಕೊಂಡು ಬಂದದ್ದು ಆಗಲೇ. ಸ್ವಲ್ಪ ದೂರದಲ್ಲೇ ನಿಂತಳು.

"ಅವತ್ತ ನಿಮಗ ಹಂಗ ಅನಬಾರದಿತ್ತು. ಅಂಜಿಕಿ ಬಂದಿತ್ರೀ ನನಗ."

"ನನಗೂ," ಎಂದಳು ಶಿವಗಂಗಾ.

ಲಗಮವ್ವ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಬಸಲಿಂಗವ್ವ ಅವಳ ತವರೂರು ಯಾವುದೆಂದು ವಿಚಾರಿಸತೊಡಗಿದಳು. ಮಾಯಾ ಮಾತ್ರ ತಾಯಿಯ ಸೆರಗು ಬಿಡಲಿಲ್ಲ. ಶಿವಗಂಗಾ ಕೂಡ ಅವಳನ್ನು ಹತ್ತಿರ ಕರೆಯಲು ಧೈರ್ಯ ಮಾಡಲಿಲ್ಲ.